ಅನೇಕ್ ಕನ್ನಡ ಫಾಂಟ್, ಮೂರು ವರ್ಷದ ಬಳಕೆ: ಹಾಕಿದ್ದು ಹಾಕಿದ ಹಾಗೇ ಇತ್ತು, ಕಾಣುತ್ತಿರಲಿಲ್ಲ ಅಷ್ಟೇ

ಈ ಫಾಂಟ್ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆಯಬೇಕು ಅಂತಲೇ ಕೂತಿದ್ದೇನೆ. ಆದರೆ ಅದಕ್ಕೂ ಮೊದಲು ಒಂದು ರಾತ್ರಿಯ ಕಥೆ ಹೇಳದಿದ್ದರೆ ನನ್ನ ಹೊಟ್ಟೆಯುರಿ ಆರುವುದಿಲ್ಲ.

ತೀರ್ಥಹಳ್ಳಿ ಕಡೆ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಮೆಷಿನ್, ಒಂದು ಲ್ಯಾಮಿನೇಷನ್ ಮೆಷಿನ್, ಕೆಲಸಕ್ಕೆ ಒಬ್ಬ ಹುಡುಗ. ಲಗ್ನಪತ್ರಿಕೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ ಕಾರ್ಡು, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಎಳ್ಳಮಾವಾಸ್ಯೆ ಜಾತ್ರೆ ಬಂತೆಂದರೆ ಫ್ಲೆಕ್ಸು. ಫಾಂಟ್‌ಗೆ ಅಂತ ಬೇರೆ ದುಡ್ಡು ಎತ್ತಿಡುವ ವ್ಯಾಪಾರ ಅಲ್ಲ ಇದು. ಹಾಗಾಗಿ ಅನೇಕ್ ಕನ್ನಡ ಪುಕ್ಕಟೆ ಅಂತ ಗೊತ್ತಾದ ದಿನವೇ ಇಳಿಸಿಕೊಂಡೆ. ಅದು 2022. ಮುಂಬೈನ ಎಕ್ ಟೈಪ್‌ನವರು ಮಾಡಿದ್ದು, ನಮ್ಮ ದೇಶದ ಒಂಬತ್ತು ಲಿಪಿ ಮತ್ತು ಇಂಗ್ಲಿಷಿಗೆ ಒಟ್ಟಿಗೇ. ಬಾಲೂ ತಮ್ಮ ಅನ್ನುವ ಫಾಂಟ್ ಮಾಡಿದವರೂ ಅವರೇ. (ಹೆಚ್ಚಿನ ಭಾಷೆಗಳ ಬಾಲೂಗೆ ಅಣ್ಣ ತಮ್ಮ ಅನ್ನುವಂಥ ಹೆಸರಿಟ್ಟಿದ್ದಾರೆ, ಕನ್ನಡಕ್ಕೆ ಸಿಕ್ಕಿದ್ದು ತಮ್ಮ. ಫ್ಲೆಕ್ಸ್ ಮಾಡುವವರಿಗೆ ಆ ತಮ್ಮನ ಪರಿಚಯ ಹೇಳಬೇಕಾಗಿಲ್ಲ.)

ಆವತ್ತು ರಾತ್ರಿ ಒಂಬತ್ತಕ್ಕೆ ಒಬ್ಬರು ಯಕ್ಷಗಾನದ ಹ್ಯಾಂಡ್‌ಬಿಲ್ಲಿನ ಮ್ಯಾಟರ್ ಕೊಟ್ಟು ಹೋದರು. "ಬೆಳಿಗ್ಗೆ ಹತ್ತಕ್ಕೆ ಪ್ರೆಸ್ಸಿಗೆ ಹೋಗ್ಬೇಕು ಮಾರಾಯ್ರೆ" ಅಂದರು. ಹೊಸ ಫಾಂಟ್ ಕೈಯಲ್ಲಿತ್ತಲ್ಲ, ಉಮೇದು ಜಾಸ್ತಿ. ಜಿಪ್ ಬಿಡಿಸಿದೆ, ಫೈಲ್ ಮೇಲೆ ಎರಡು ಸಲ ಒತ್ತಿದೆ, ಇನ್‌ಸ್ಟಾಲ್ ಅಂತ ಕೊಟ್ಟೆ. ವರ್ಡ್ ತೆಗೆದು ನೋಡಿದರೆ ಪಟ್ಟಿಯಲ್ಲಿ ಇದೆ. ಪುಟ ವಿನ್ಯಾಸ ಮಾಡುವ ನನ್ನ ಸಾಫ್ಟ್‌ವೇರ್ ತೆಗೆದೆ (ಹೆಸರು ಬೇಡ, ಹಳೆಯ ಆವೃತ್ತಿ, ಆದರೂ ದುಡ್ಡು ಕೊಟ್ಟೇ ತಗೊಂಡದ್ದು). ಅದರಲ್ಲಿ ಇಲ್ಲ!

ಮುಚ್ಚಿ ತೆಗೆದೆ. ಇಲ್ಲ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ಇಲ್ಲ. ಫಾಂಟ್ ಅಳಿಸಿ ಮತ್ತೆ ಹಾಕಿದೆ, ಹೀಗೆ ನಾಲ್ಕು ಸಲ. ಕಂಪ್ಯೂಟರ್ ರಿಪೇರಿ ಮಾಡುವ ಸ್ನೇಹಿತನಿಗೆ ಫೋನ್ ಮಾಡಿದರೆ ಅವನು ಫಾಂಟ್ ಕ್ಯಾಶ್ ಸರ್ವಿಸ್ ನಿಲ್ಲಿಸಿ ಕ್ಯಾಶ್ ಫೈಲ್ ಅಳಿಸು ಅಂದ. ಅದನ್ನೂ ಮಾಡಿದೆ, ಏನೂ ಆಗಲಿಲ್ಲ. ಆಮೇಲೆ ಅವನದು ಎಂದಿನ ಔಷಧ ಇದ್ದೇ ಇದೆಯಲ್ಲ, "ಫಾರ್ಮ್ಯಾಟ್ ಹೊಡೆದುಬಿಡು." ಹನ್ನೊಂದೂವರೆ ಗಂಟೆಗೆ, ಬೆಳಿಗ್ಗೆ ಕೆಲಸ ಕೊಡಬೇಕಾದವನಿಗೆ ಹೇಳುವ ಮಾತಾ ಅದು?

ಕಂಟ್ರೋಲ್ ಪ್ಯಾನೆಲ್ ಒಳಗೆ ಫಾಂಟ್ ಸೆಟ್ಟಿಂಗ್ಸ್ ಅಂತ ಒಂದಿದೆ. ಭಾಷೆಯ ಸೆಟ್ಟಿಂಗ್ ನೋಡಿ ಬೇಡದ ಫಾಂಟ್‌ಗಳನ್ನು ಅಡಗಿಸಿಡುವ ಒಂದು ಟಿಕ್ ಅಲ್ಲಿರುತ್ತದೆ. ಅದನ್ನೂ ತೆಗೆದೆ. ನನ್ನ ಸಮಸ್ಯೆಗೆ ಅದು ಕಾರಣ ಆಗಿರಲಿಲ್ಲ. ಆದರೆ ನಿಮ್ಮ ಫಾಂಟ್ಸ್ ಫೋಲ್ಡರಿನಲ್ಲಿ ಕೆಲವು ಫಾಂಟ್ ಮಾಸಲಾಗಿ ಕಾಣುತ್ತಿದ್ದರೆ, ಅವು ಅಡಗಿಸಿಟ್ಟವು ಅಂತ ಅರ್ಥ. ಆಗ ಈ ಟಿಕ್ ತೆಗೆದು ನೋಡಿ.

ಕೊನೆಗೆ ಹ್ಯಾಂಡ್‌ಬಿಲ್ಲನ್ನು ಹಳೆಯ ಫಾಂಟಿನಲ್ಲೇ ಮುಗಿಸಿ ಮನೆಗೆ ಹೋದೆ. ಸಿಟ್ಟು ಪೂರಾ ಅನೇಕ್ ಮೇಲೆ. ಪುಕ್ಕಟೆ ಕೊಟ್ಟದ್ದು ಇಷ್ಟೇ ಅಂತ ಬೈದುಕೊಂಡೆ.

ಮರುದಿನ ಬೆಳಿಗ್ಗೆ ಹುಡುಗ ಬಂದ. ಅದೇ ಕಂಪ್ಯೂಟರ್, ಆದರೆ ಅವನ ಲಾಗಿನ್ ಬೇರೆ. ನನ್ನ ಲಾಗಿನ್ನಿನಲ್ಲಿ ಬಿಲ್ಲು, ಬ್ಯಾಂಕು ಎಲ್ಲ ಇರುವುದರಿಂದ ಬೇರೆ ಮಾಡಿಟ್ಟಿದ್ದೆ. ವರ್ಡ್ ತೆಗೆದವನೇ "ಅಣ್ಣಾ, ನೀವು ಹೇಳಿದ ಫಾಂಟು ಇದ್ರಲ್ಲಿ ಇಲ್ವಲ್ಲ" ಅಂದ. ವರ್ಡಿನಲ್ಲೂ ಇಲ್ಲ! ರಾತ್ರಿ ನನಗೆ ವರ್ಡಿನಲ್ಲಿ ಕಂಡದ್ದು ಅವನಿಗೆ ವರ್ಡಿನಲ್ಲೂ ಕಾಣುತ್ತಿಲ್ಲ. ಅಂದರೆ ಫಾಂಟ್ ಕಂಪ್ಯೂಟರಿಗೆ ಹೋಗಿಲ್ಲ, ನನ್ನೊಬ್ಬನ ಜೇಬಿಗೆ ಹೋಗಿದೆ.

ನನ್ನ ಲಾಗಿನ್ನಿಗೆ ಹೋಗಿ ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಫಾಂಟ್ಸ್ ತೆಗೆದೆ. ಅನೇಕ್ ಮೇಲೆ ಒತ್ತಿದರೆ ಕೆಳಗೆ ಅದರ ಜಾತಕ ಎಲ್ಲ ಬರುತ್ತದೆ: ಪೂರ್ತಿ ಹೆಸರು, ಆವೃತ್ತಿ, ಫೈಲ್ ಎಲ್ಲಿದೆ ಅಂತ. ಆ ವಿಳಾಸ ಸಿ ಡ್ರೈವ್, ಯೂಸರ್ಸ್, ನನ್ನ ಹೆಸರು ಅಂತ ಶುರುವಾಗಿ ಆಪ್ ಡೇಟಾ ಅನ್ನುವ ಅಡಗಿರುವ ಫೋಲ್ಡರಿನ ಆಳಕ್ಕೆ ಹೋಗಿತ್ತು. ಪಕ್ಕದಲ್ಲಿ ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟ್ ತೆಗೆದು ನೋಡಿದರೆ ಅದರ ವಿಳಾಸ ಸಿ ಡ್ರೈವ್, ವಿಂಡೋಸ್, ಫಾಂಟ್ಸ್. ಅಲ್ಲಿಗೆ ಗೊತ್ತಾಯಿತು.

ನಾವೆಲ್ಲ ಕಲಿತ ಕಾಲಕ್ಕೆ ಫಾಂಟ್ ಹಾಕಿದರೆ ಅದು ಹೋಗುವುದು ಒಂದೇ ಜಾಗಕ್ಕೆ, ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿಗೆ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್‌ನಿಂದ ಈಚೆಗೆ ಸುಮ್ನೆ ಇನ್‌ಸ್ಟಾಲ್ ಅಂತ ಕೊಟ್ಟರೆ ಅದು ಆ ಒಬ್ಬ ಬಳಕೆದಾರನಿಗೆ ಮಾತ್ರ ಆಗುತ್ತದೆ. ಆಫೀಸಿನಲ್ಲಿ, ಕಾಲೇಜಿನ ಲ್ಯಾಬಿನಲ್ಲಿ ಅಡ್ಮಿನ್ ಪಾಸ್‌ವರ್ಡ್ ಇಲ್ಲದವರಿಗೂ ಫಾಂಟ್ ಹಾಕಿಕೊಳ್ಳಲು ಆಗಲಿ ಅನ್ನುವ ಅನುಕೂಲ ಅದು. ಬೇಡ ಅನ್ನಲ್ಲ. ಆದರೆ ನನ್ನದರಂಥ ಹಳೆಯ ಸಾಫ್ಟ್‌ವೇರ್ ಇನ್ನೂ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತದೆ. ಹೊಸ ಫೋಲ್ಡರಿನ ಕಡೆ ತಿರುಗಿಯೂ ನೋಡುವುದಿಲ್ಲ.

ಪರಿಹಾರ ಒಂದೇ ಸಾಲು. ಫೈಲ್ ಮೇಲೆ ರೈಟ್ ಕ್ಲಿಕ್, ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್. ವಿಂಡೋಸ್ 11ರಲ್ಲಿ ಅದು ಕಾಣದಿದ್ದರೆ ಶೋ ಮೋರ್ ಆಪ್ಷನ್ಸ್ ಒತ್ತಿ ನೋಡಿ. ಜಿಪ್ ಬಿಡಿಸದೆ ಒಳಗಿಂದಲೇ ರೈಟ್ ಕ್ಲಿಕ್ ಮಾಡಿದರೆ ಈ ಆಯ್ಕೆ ಬರುವುದೇ ಇಲ್ಲ. ಮೊದಲು ಒಬ್ಬನಿಗೆ ಅಂತ ಹಾಕಿದ್ದನ್ನು ಅಳಿಸಿ, ಆಮೇಲೆ ಎಲ್ಲರಿಗೂ ಅಂತ ಹಾಕಿ. ಸಾಫ್ಟ್‌ವೇರನ್ನು ಪೂರ್ತಿ ಮುಚ್ಚಿ ತೆಗೆಯಿರಿ.

ತೆಗೆದೆ. ಪಟ್ಟಿಯಲ್ಲಿ ಎ ಅಕ್ಷರದ ಹತ್ತಿರ ಹುಡುಕಿದೆ. ಇಲ್ಲ! ಎದೆ ಧಸಕ್ಕೆಂದಿತು. ಹುಡುಗ ಮೌಸ್ ಕಿತ್ತುಕೊಂಡು ಪಟ್ಟಿಯ ತಳಕ್ಕೆ ಎಳೆದ. ಅಲ್ಲಿತ್ತು. ಈ ಸಾಫ್ಟ್‌ವೇರ್ ಇಂಗ್ಲಿಷ್ ಫಾಂಟ್‌ಗಳನ್ನು ಮೊದಲು ಪಂಕ್ತಿಗೆ ಕೂರಿಸಿ, ಬೇರೆ ಲಿಪಿಯವನ್ನೆಲ್ಲ ಕೊನೆಗೆ ಕೂರಿಸುತ್ತದೆ. ಇಷ್ಟು ವರ್ಷ ಕೆಲಸ ಮಾಡಿಯೂ ನಾನು ಗಮನಿಸಿರಲಿಲ್ಲ, ಯಾಕೆಂದರೆ ನುಡಿ (ಕನ್ನಡ ಟೈಪ್ ಮಾಡುವ ತಂತ್ರಾಂಶ) ಫಾಂಟ್‌ಗಳು ಇಂಗ್ಲಿಷ್ ಪಂಕ್ತಿಯಲ್ಲೇ ಕೂತಿರುತ್ತವೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಹಳೆಯ ನುಡಿ ಅಕ್ಷರಗಳು ಇಂಗ್ಲಿಷೇ ತಾನೆ.

ಇನ್ನು ಫಾಂಟಿನ ಮಾತು.

ಲಗ್ನಪತ್ರಿಕೆ ಮಾಡುವವರಿಗೆ ಉದ್ದ ಹೆಸರೇ ಶತ್ರು. ವೆಂಕಟಸುಬ್ರಹ್ಮಣ್ಯ ಅಂತ ಒಂದು ಹೆಸರು ಬಂತು ಅಂದುಕೊಳ್ಳಿ. ಮೊದಲೆಲ್ಲ ಚಿ. ಅಂತ ಸೇರಿಸಿ ಹಾಕಿದರೆ ಅದು ಒಂದು ಸಾಲಿನಲ್ಲಿ ಕೂರದೆ, ಅಡ್ಡಕ್ಕೆ ಶೇಕಡಾ 80ಕ್ಕೆ ಅಮುಕುತ್ತಿದ್ದೆವು. ಹಾಗೆ ಅಮುಕಿದರೆ ನಿಂತ ಗೆರೆಗಳು ಸಣಕಲಾಗುತ್ತವೆ, ಮಲಗಿದ ಗೆರೆಗಳು ಮಾತ್ರ ದಪ್ಪಕ್ಕೇ ಉಳಿಯುತ್ತವೆ. ನಮ್ಮ ದುಂಡು ವ, ಮ ಎಲ್ಲ ಕೋಳಿಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ಕಾಣುತ್ತವೆ. ಗಿರಾಕಿಗೆ ಏನು ತಪ್ಪು ಅಂತ ಹೇಳಲು ಬರುವುದಿಲ್ಲ, ಆದರೆ "ಏನೋ ಸರಿ ಇಲ್ಲ" ಅಂತ ಅಂದೇ ಅನ್ನುತ್ತಾರೆ.

ಅನೇಕ್‌ನಲ್ಲಿ ಅಗಲವೇ ಐದು ತರಹ ಇದೆ. ಕಂಡೆನ್ಸ್ಡ್‌ನಿಂದ ಎಕ್ಸ್‌ಪ್ಯಾಂಡೆಡ್‌ವರೆಗೆ, ಪ್ರತಿಯೊಂದರಲ್ಲೂ ಎಂಟು ದಪ್ಪ. ಕಂಡೆನ್ಸ್ಡ್ ಅಂದರೆ ಅಮುಕಿದ್ದಲ್ಲ, ಅಷ್ಟೇ ಜಾಗಕ್ಕೆ ಅಂತ ಹೊಸದಾಗಿ ಬರೆದದ್ದು. ಗೆರೆಯ ದಪ್ಪ ಹದ ತಪ್ಪುವುದಿಲ್ಲ. ವೆಂಕಟಸುಬ್ರಹ್ಮಣ್ಯ ಒಂದೇ ಸಾಲಿನಲ್ಲಿ ಕೂತು, ಬ್ರ ಮತ್ತು ಹ್ಮ ಎರಡರ ಒತ್ತೂ ಒಂದಕ್ಕೊಂದು ಡಿಕ್ಕಿ ಹೊಡೆಯದೆ ನಿಂತದ್ದು ನೋಡಿ ನಾನು ಆವತ್ತು ಸುಮಾರು ಹೊತ್ತು ಅದನ್ನೇ ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡುತ್ತಾ ಕೂತಿದ್ದೆ. ವಧುವಿನ ಹೆಸರು ಚಿಕ್ಕದಿದ್ದರೆ ಸ್ವಲ್ಪ ಅಗಲದ್ದು, ವರನದು ಉದ್ದ ಇದ್ದರೆ ಕಂಡೆನ್ಸ್ಡ್. ಎರಡೂ ಒಂದೇ ಅಳತೆಗೆ ಬರುತ್ತವೆ. ಎರಡೂ ಮನೆಯವರಿಗೆ ಸಮಾಧಾನ! ಒಬ್ಬರ ಹೆಸರು ದೊಡ್ಡದು, ಇನ್ನೊಬ್ಬರದು ಚಿಕ್ಕದು ಅಂತ ಬೀಗರ ನಡುವೆ ಮಾತು ಬಂದದ್ದನ್ನು ಇದೇ ಕೌಂಟರಿನಲ್ಲಿ ನಿಂತು ಕೇಳಿದವನು ನಾನು.

ಈಗ ನನಗೊಂದು ಅಭ್ಯಾಸ ಆಗಿದೆ. ಯಾವ ಹೊಸ ಫಾಂಟ್ ಹಾಕಿದರೂ ಮೊದಲು ಒಂದು ಸಾಲು ಟೈಪ್ ಮಾಡುತ್ತೇನೆ: ಶ್ರೀಕೃಷ್ಣ, ಜ್ಯೋತ್ಸ್ನಾ, ಸೂರ್ಯ, ರಾಷ್ಟ್ರ, ಲಕ್ಷ್ಮೀ. ಜ್ಯೋತ್ಸ್ನಾದಲ್ಲಿ ಎರಡು ಒತ್ತು ಒಂದರ ಕೆಳಗೆ ಒಂದು ಹೇಗೆ ಕೂರುತ್ತವೆ, ಸೂರ್ಯದ ಅರ್ಕಾವತ್ತು ಎಲ್ಲಿ ಬರುತ್ತದೆ ಅಂತ ನೋಡಿಯೇ ಚಹಾ ಕುಡಿಯುವುದು. ಒತ್ತು ಬಿಡಿಬಿಡಿಯಾಗಿ ಪಕ್ಕಕ್ಕೆ ಬಿದ್ದಿದ್ದರೆ ಫಾಂಟಿನ ತಪ್ಪಲ್ಲ, ಸಾಫ್ಟ್‌ವೇರಿನಲ್ಲಿ ಭಾರತೀಯ ಭಾಷೆಗಳ ಆಯ್ಕೆ ಆನ್ ಆಗಿಲ್ಲ ಅಂತ ಲೆಕ್ಕ.

ಪೀಡೆಗಳೂ ಇವೆ. ಇಳಿಸಿಕೊಂಡ ಜಿಪ್ಪಿನಲ್ಲಿ ಎಲ್ಲವನ್ನೂ ಒಂದರಲ್ಲೇ ತುಂಬಿದ ವೇರಿಯಬಲ್ ಫೈಲ್ ಒಂದು, ಬಿಡಿ ಬಿಡಿ ನಲವತ್ತು ಫೈಲ್ ಇರುವ ಸ್ಟ್ಯಾಟಿಕ್ ಫೋಲ್ಡರ್ ಒಂದು. ನನ್ನ ಹಳೆಯ ಸಾಫ್ಟ್‌ವೇರಿಗೆ ವೇರಿಯಬಲ್ ಅರ್ಥವೇ ಆಗುವುದಿಲ್ಲ, ರೆಗ್ಯುಲರ್ ಒಂದನ್ನು ತೋರಿಸಿ ಕೈ ತೊಳೆದುಕೊಂಡಿತು. ಸರಿ ಅಂತ ನಲವತ್ತನ್ನೂ ಹಾಕಿದೆ. ಎರಡೂ ಸೇರಿ ಗೊಂದಲ ಶುರು, ಬೋಲ್ಡ್ ಕೊಟ್ಟರೆ ಇನ್ನೇನೋ ಬರುತ್ತಿತ್ತು. ವೇರಿಯಬಲ್ ಅಳಿಸಿದ ಮೇಲೆ ಸರಿಯಾಯಿತು. ಎರಡರಲ್ಲಿ ಒಂದು ಮಾತ್ರ ಇಟ್ಟುಕೊಳ್ಳಿ. ನಲವತ್ತೂ ಬೇಡ. ನಾನು ಈಗ ಆರು ಇಟ್ಟುಕೊಂಡಿದ್ದೇನೆ, ಪಟ್ಟಿ ಎಳೆಯುವ ಕೆಲಸ ಕಡಿಮೆ.

ಇನ್ನೊಂದು, ಇದು ನಮ್ಮಲ್ಲಿ ದಿನಾ ಆಗುವುದು. ಗಿರಾಕಿ ಪೆನ್‌ಡ್ರೈವಿನಲ್ಲಿ ನುಡಿಯಲ್ಲಿ ಟೈಪ್ ಮಾಡಿದ ಮ್ಯಾಟರ್ ತರುತ್ತಾರೆ. ಹುಡುಗ ಅದನ್ನು ಸೆಲೆಕ್ಟ್ ಮಾಡಿ ಅನೇಕ್ ಕೊಟ್ಟರೆ ಕನ್ನಡ ಅನ್ನುವ ಪದದ ಜಾಗದಲ್ಲಿ ಇಂಗ್ಲಿಷ್ ಪಿ, ಒಂದು ಪೌಂಡ್ ಗುರುತು, ತಲೆ ಮೇಲೆ ಗೆರೆ ಹೊತ್ತ ಎ, ಹೀಗೆ ಏನೇನೋ ಬರುತ್ತದೆ. "ಫಾಂಟ್ ಹಾಳಾಗಿದೆ ಅಣ್ಣಾ" ಅನ್ನುತ್ತಾನೆ. ಹಾಳಾಗಿಲ್ಲ ಮಾರಾಯ. ಹಳೆಯ ನುಡಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೇ ಕನ್ನಡದ ವೇಷ ಕಟ್ಟಿರುತ್ತಾರೆ, ಅನೇಕ್ ಯೂನಿಕೋಡ್ ಫಾಂಟ್ (ಕನ್ನಡವನ್ನು ಕನ್ನಡ ಅಂತಲೇ ಗುರುತಿಸುವಂಥದ್ದು), ಅದು ಬಣ್ಣ ಒರೆಸಿ ಒಳಗೆ ಇದ್ದದ್ದನ್ನು ತೋರಿಸಿತು ಅಷ್ಟೇ. ಮೊದಲು ಮ್ಯಾಟರನ್ನು ಯೂನಿಕೋಡಿಗೆ ಪರಿವರ್ತನೆ ಮಾಡಬೇಕು, ಆಮೇಲೆ ಫಾಂಟ್. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಲ್ಲಿ ಓದಿ. ಮುಹೂರ್ತದ ಗಂಟೆ ಏರುಪೇರಾದರೆ ನಿಮ್ಮನ್ನು ಮದುವೆ ಮನೆಯವರು ಬಿಡುವುದಿಲ್ಲ.

ವಿಂಡೋಸ್ 10ಕ್ಕೆ ಬಂದವರು ವಿಂಡೋಸಿನ ಹಳೆಯ ಕನ್ನಡ ಫಾಂಟ್ ತುಂಗಾ ಕಾಣುತ್ತಿಲ್ಲ ಅಂತಲೂ ನನ್ನನ್ನು ಕೇಳುತ್ತಾರೆ. ಅದು ಈಗ ಎಲ್ಲ ಕಡೆ ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಇದೆ, ಅದನ್ನು ಸೇರಿಸಿದರೆ ತುಂಗಾ ಹಾಜರ್.

ಪ್ರೆಸ್ಸಿಗೆ ಕಳಿಸುವಾಗ ಮಾತ್ರ ನಾನು ಯಾರನ್ನೂ ನಂಬುವುದಿಲ್ಲ, ಎಲ್ಲ ಕರ್ವ್ಸ್ ಮಾಡಿಯೇ (ಅಂದರೆ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಬದಲಿಸಿಯೇ) ಕಳಿಸುವುದು. ಅವರ ಮೆಷಿನ್ನಿನಲ್ಲಿ ಅನೇಕ್ ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಕೂರುತ್ತದೆ. ಕರ್ವ್ಸ್ ಮಾಡುವ ಮೊದಲು ಒಂದು ಕಾಪಿ ಎತ್ತಿಡಿ. "ಮಾವನ ಹೆಸರು ಬಿಟ್ಟುಹೋಗಿದೆ" ಅಂತ ಫೋನ್ ಬಂದೇ ಬರುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ರಾತ್ರಿಗೆ ಅಂತ ಅರ್ಧ ಕಡಿಮೆ ಮಾಡಿದ್ದಲ್ಲ, ಅದು ಫಾಂಟಿನ ತಪ್ಪೇ ಅಲ್ಲ. ಕಡಿಮೆ ಮಾಡಿದ್ದು ಹ್ಯಾಂಡ್‌ಬಿಲ್ಲಿನ ಅಗ್ಗದ ಕಾಗದದ ಮೇಲೆ ಕಂಡೆನ್ಸ್ಡ್ ಎಕ್ಸ್‌ಟ್ರಾ ಬೋಲ್ಡ್‌ನ ಒತ್ತುಗಳು ಇಂಕು ಕುಡಿದು ಮುಚ್ಚಿಕೊಳ್ಳುತ್ತವೆ ಅಂತ. ಏಳು ಪಾಯಿಂಟಿನಲ್ಲಿ ಹಿಮ್ಮೇಳದವರ ಹೆಸರುಗಳನ್ನು ಹಾಕಿದ್ದೆ, ಭಾಗವತರ ಹೆಸರಿನ ಒತ್ತು ಕಪ್ಪು ಚುಕ್ಕಿಯ ಹಾಗೆ ಬಂತು. ಸಣ್ಣ ಸಾಲುಗಳಿಗೆ ಈಗಲೂ ನೋಟೋ ಸೆರಿಫ್ ಕನ್ನಡವನ್ನೇ ಹಾಕುತ್ತೇನೆ. ಅದನ್ನೂ ಎಲ್ಲ ಯೂಸರ್‌ಗಳಿಗೂ ಅಂತಲೇ ಇನ್‌ಸ್ಟಾಲ್ ಮಾಡಿದ್ದು.