ಸೊಲ್ಲಾಪುರದ ಟವೆಲ್ ಕಾರ್ಖಾನೆಯ ಫ್ಯಾನಿಗೆ ಎಸ್‌ಕೆಎಫ್ ಎಲ್‌ಜಿಎಂಟಿ 2 ಗ್ರೀಸ್ ಹೇಗೆ?

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಘಟಕಗಳಲ್ಲಿ ಎಕ್ಸಾಸ್ಟ್ ಫ್ಯಾನಿಗೆ ಇಬ್ಬರು ವೈರಿಗಳು: ಹತ್ತಿಯ ಧೂಳು, ಏಪ್ರಿಲ್-ಮೇ ಬಿಸಿಲು. ಬಿಸಿಲನ್ನು ಈ ಗ್ರೀಸ್ ಸಲೀಸಾಗಿ ತಾಳುತ್ತದೆ. ಧೂಳನ್ನು ಮಾತ್ರ ನಾವೇ ನೋಡಿಕೊಳ್ಳಬೇಕು. ಇದರಲ್ಲಿರುವುದು ಖನಿಜ ಎಣ್ಣೆ, ಅದನ್ನು ಗಟ್ಟಿಯಾಗಿಸುವ ಲಿಥಿಯಂ ಸೋಪು; 120 ಡಿಗ್ರಿವರೆಗೆ ಬಾಳಿಕೆ. ಅಡ್ಡ ಶಾಫ್ಟಿನ ಬೆಲ್ಟ್ ಫ್ಯಾನಿಗೆ ಇಷ್ಟು ಸಾಕು. ಶಾಫ್ಟ್ ನೆಟ್ಟಗೆ ನಿಂತ ಛಾವಣಿ ಫ್ಯಾನಿಗೆ ಇನ್ನೂ ಗಟ್ಟಿಯಾದ ಎಲ್‌ಜಿಎಂಟಿ 3 ವಾಸಿ.

ಬೇರಿಂಗ್ ಕೆಟ್ಟರೆ ಬೈಯುವುದು ಗ್ರೀಸನ್ನು; ತಪ್ಪು ಬಹುಮಟ್ಟಿಗೆ ಹಾಕುವ ಕೈಯದು. ಸದ್ದು ಕೇಳಿತೆಂದು ಗ್ರೀಸ್ ಗನ್ ಒತ್ತುತ್ತಲೇ ಹೋದರೆ ಹೆಚ್ಚಾದ ಗ್ರೀಸ್ ಒಳಗೇ ಕಲಕಿ ಬೇರಿಂಗ್ ಬಿಸಿಯಾಗುತ್ತದೆ, ಸೀಲ್ ಕಿತ್ತುಬರುತ್ತದೆ. ಬೇರಿಂಗಿನ ಹೊರವ್ಯಾಸವನ್ನೂ ಅಗಲವನ್ನೂ ಮಿಲಿಮೀಟರಿನಲ್ಲಿ ಗುಣಿಸಿ, ಅದನ್ನು 0.005ರಿಂದ ಗುಣಿಸಿದರೆ ಒಮ್ಮೆಗೆ ಎಷ್ಟು ಗ್ರಾಂ ಗ್ರೀಸ್ ಹಾಕಬೇಕೆಂದು ಸಿಗುತ್ತದೆ. 22210 ಬೇರಿಂಗಿಗೆ 90 × 23 × 0.005, ಅಂದರೆ ಸುಮಾರು 10 ಗ್ರಾಂ. ಗನ್ನಿನ ಹತ್ತು ಒತ್ತನ್ನು ಕಾಗದದ ಮೇಲೆ ಹಾಕಿ ತೂಗಿದರೆ ಒಂದು ಒತ್ತಿನ ಅಳತೆ ತಿಳಿಯುತ್ತದೆ. ಗನ್ ಸಿಕ್ಕಿಸುವ ಮೂತಿಯನ್ನು (ನಿಪ್ಪಲ್) ಒರೆಸದಿದ್ದರೆ ಧೂಳು ನೇರ ಒಳಕ್ಕೆ!

ಬೇರಿಂಗ್ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸ್ ಹಾಕುವ ಅವಧಿ ಅರ್ಧಕ್ಕಿಳಿಯುತ್ತದೆ. ಹಳೆಯದು ಪಾಲಿಯೂರಿಯಾ ಗ್ರೀಸಾಗಿದ್ದರೆ ಪೂರ್ತಿ ತೆಗೆಯದೆ ಇದನ್ನು ಬೆರೆಸಬೇಡಿ, ಎರಡೂ ಸೇರಿ ನೀರಿನಂತೆ ತೆಳುವಾಗಬಹುದು.

ರೆಕ್ಕೆಗೆ ಒಂದೇ ಕಡೆ ಹತ್ತಿ ಮೆತ್ತಿ ಬರುವ ಅದುರಾಟಕ್ಕೆ ಯಾವ ಗ್ರೀಸೂ ಮದ್ದಲ್ಲ. ಸ್ವಿಚ್ ಆರಿಸಿ, ಬೀಗ ಹಾಕಿ, ರೆಕ್ಕೆ ಕೆರೆಯಿರಿ. ಕೊಳ್ಳುವಾಗ ತೆರೆದ ಡಬ್ಬಿಗಿಂತ 420 ಮಿಲಿ ಕಾರ್ಟ್ರಿಜ್ ಕೇಳಿ, ಧೂಳು ಸೇರುವುದಿಲ್ಲ.