ನೆಟ್‌ಟೈಮ್ 3.14: ಸೆಲ್ ಸೋತ ಕಂಪ್ಯೂಟರಿಗೆ, ತಡವಾಗಿ ಬರುವ ನೆಟ್ಟಿಗೆ

ಕಲಬುರಗಿಯ ನೆಹರು ಗಂಜಿನ ದಾಲ್ ಮಿಲ್ ಆಫೀಸುಗಳಲ್ಲಿ, ಹಳ್ಳಿಗಳ ಗ್ರಾಮ ಒನ್ ಕೇಂದ್ರಗಳಲ್ಲಿ ಎರಡು ರೂಢಿಗಳಿವೆ. ಸಂಜೆ ಬಾಗಿಲು ಹಾಕುವಾಗ ಗೋಡೆಯ ಬೋರ್ಡಿನ ಸ್ವಿಚ್ಚನ್ನೇ ಆರಿಸುವುದು ಒಂದು, ಬೆಳಿಗ್ಗೆ ಕಂಪ್ಯೂಟರ್ ಚಾಲೂ ಆದ ಮೇಲೆ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚುವುದು ಇನ್ನೊಂದು. ಕಂಪ್ಯೂಟರಿನ ಗಡಿಯಾರ ಕೆಡುವುದಕ್ಕೆ ಮೊದಲನೆಯದು ಕಾರಣ, ಕೆಟ್ಟದ್ದು ತಾನಾಗಿ ಸರಿಹೋಗದಿರುವುದಕ್ಕೆ ಎರಡನೆಯದು. ನೆಟ್‌ಟೈಮ್ ಎಂಬ, ನೆಟ್ಟಿನಲ್ಲಿ ಸಮಯ ಹೇಳುವ ಸರ್ವರುಗಳನ್ನು ಕೇಳಿ ಗಡಿಯಾರ ತಿದ್ದುವ ಪುಟ್ಟ ಉಚಿತ ತಂತ್ರಾಂಶ ಎರಡನೆಯದಕ್ಕೆ ಒಳ್ಳೆಯ ಮದ್ದು. ಮೊದಲನೆಯದಕ್ಕೆ ಅಲ್ಲ, ಅದನ್ನು ಕೊಂಡಾಡುವವರು ಇಲ್ಲಿಯೇ ಎಡವುತ್ತಾರೆ.

ಸಮಯ ತಪ್ಪಿದರೆ ಮೂಲೆಯ ಅಂಕಿಯಷ್ಟೇ ತಪ್ಪುವುದಿಲ್ಲ. ದಿನಾಂಕ ವರ್ಷಗಟ್ಟಲೆ ಹಿಂದೆ ಹೋದರೆ ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಗಳು ಬ್ರೌಸರಿನ ಲೆಕ್ಕದಲ್ಲಿ 'ಇನ್ನೂ ಜಾರಿಗೇ ಬಂದಿಲ್ಲ', ಹಾಗಾಗಿ ಜಿಎಸ್‌ಟಿ ಪೋರ್ಟಲೂ ತೆರೆಯದು, ಬ್ಯಾಂಕಿನದೂ ತೆರೆಯದು. ಬೆರಳಚ್ಚು ಕೊಡುವ ಕಡೆ ಆಧಾರ್ ದೃಢೀಕರಣ 561 ಅಥವಾ 562 ಎಂಬ ದೋಷ ತೋರಿಸುತ್ತದೆ. 561 ಎಂದರೆ ವಿನಂತಿಯ ಸಮಯ ಹಳತಾಗಿದೆ, 562 ಎಂದರೆ ಮುಂದಿನ ಸಮಯ ನಮೂದಾಗಿದೆ. ಜನ ಬೆರಳನ್ನು ಸೀರೆಯ ಸೆರಗಿಗೆ ಒರೆಸಿ ಒರೆಸಿ ಮತ್ತೆ ಒತ್ತುತ್ತಾರೆ. ತಪ್ಪು ಬೆರಳಿನದಲ್ಲ, ಗಡಿಯಾರದ್ದು. ಈ ಎರಡು ಅಂಕಿ ಕಂಡರೆ ಸ್ಕ್ಯಾನರ್ ಒರೆಸುವ ಮೊದಲು ತಾರೀಖು ನೋಡಿ.

ವಿಂಡೋಸ್‌ನಲ್ಲೇ 'ವಿಂಡೋಸ್ ಟೈಮ್' ಎಂಬ ಸರ್ವಿಸ್ ಇದೆಯಲ್ಲ ಎಂದು ಕೇಳಬಹುದು. ಇದೆ, ಮದರ್‌ಬೋರ್ಡಿನ ಗಡಿಯಾರ ನಡೆಸುವ ಸೆಲ್ ಚೆನ್ನಾಗಿರುವ, ನೆಟ್ ಸದಾ ಇರುವ ಕಂಪ್ಯೂಟರಿಗೆ ಅದೇ ಸಾಕು. ಆದರೆ ಡೊಮೇನಿಗೆ, ಅಂದರೆ ಒಂದು ಕೇಂದ್ರ ಸರ್ವರ್ ಆಳುವ ಕಚೇರಿ ಜಾಲಕ್ಕೆ, ಸೇರದ ಬಿಡಿ ಕಂಪ್ಯೂಟರಿನಲ್ಲಿ ಅದರ ಸ್ಟಾರ್ಟಪ್ ಟೈಪ್ 'ಮ್ಯಾನ್ಯುಯಲ್' ಆಗಿರುತ್ತದೆ. ವಿಂಡೋಸ್ 7ರಲ್ಲಿ ಅದು ಸರ್ವರನ್ನು ಕೇಳುವುದೇ ವಾರಕ್ಕೊಮ್ಮೆ. ಇನ್ನೂ ದೊಡ್ಡ ತೊಡಕೆಂದರೆ, ಬಿಡಿ ಕಂಪ್ಯೂಟರಿನಲ್ಲಿ ಅದು ತಿದ್ದಲು ಒಪ್ಪುವ ಅಂತರದ ಮಿತಿ 54,000 ಸೆಕೆಂಡ್, ಅಂದರೆ 15 ಗಂಟೆ. ಸೆಲ್ ಸತ್ತು ತಾರೀಖು ಮದರ್‌ಬೋರ್ಡ್ ತಯಾರಾದ ವರ್ಷಕ್ಕೆ ಜಿಗಿದಿದ್ದರೆ, ಬದಲಾವಣೆ ತೀರಾ ದೊಡ್ಡದೆಂದು ಹೇಳಿ ಸರ್ವಿಸ್ ಕೈಚೆಲ್ಲುತ್ತದೆ. ಅತಿ ಹೆಚ್ಚು ಅಗತ್ಯವಿದ್ದಾಗಲೇ ಕೆಲಸಕ್ಕೆ ಬಾರದ ಏರ್ಪಾಡು ಇದು.

ನೆಟ್‌ಟೈಮ್ ಇಲ್ಲಿ ಗೆಲ್ಲುತ್ತದೆ. ವಿಂಡೋಸ್ ಜತೆಗೇ ಏಳುವ ಸರ್ವಿಸ್ ಆಗಿ ಓಡುತ್ತದೆ, ಯಾರೂ ಲಾಗಿನ್ ಆಗಬೇಕಿಲ್ಲ. ಹಾಕುವ ಮುನ್ನ ತಾರೀಖನ್ನು ಕೈಯಿಂದ ಸರಿಮಾಡಿ, ಇಲ್ಲದಿದ್ದರೆ ಡೌನ್‌ಲೋಡ್ ಪುಟವೇ ತೆರೆಯಲಿಕ್ಕಿಲ್ಲ. ಅನಂತರ 'ಸರ್ವಿಸಸ್' ಕಿಟಕಿಯಲ್ಲಿ ವಿಂಡೋಸ್ ಟೈಮನ್ನು ನಿಲ್ಲಿಸಿ 'ಡಿಸೇಬಲ್ಡ್' ಮಾಡಿ, ಒಂದೇ ಗಡಿಯಾರವನ್ನು ಇಬ್ಬರು ತಿದ್ದುವುದು ಬೇಡ. ನೆಟ್‌ಟೈಮ್‌ನ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ತುಂಬಿರುವ ಸರ್ವರುಗಳ ಮೇಲಿನ ಸಾಲಿಗೆ ಟೈಮ್ ಡಾಟ್ ಎನ್‌ಪಿಎಲ್‌ಇಂಡಿಯಾ ಡಾಟ್ ಆರ್ಗ್ ಸೇರಿಸಿ. ಭಾರತೀಯ ಕಾಲಮಾನವನ್ನು ಕಾಯುವ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸರ್ವರ್ ಅದು. ಅದರ ಕೆಳಗೆ ಇನ್ ಡಾಟ್ ಪೂಲ್ ಡಾಟ್ ಎನ್‌ಟಿಪಿ ಡಾಟ್ ಆರ್ಗ್ ಇರಲಿ. ಒಂದೇ ಸರ್ವರ್ ನಂಬಿ ಕೂರಬೇಡಿ. ಪ್ರೊಟೊಕಾಲ್, ಅಂದರೆ ಸಮಯ ಕೇಳುವ ವಿಧಾನ, ಎಸ್‌ಎನ್‌ಟಿಪಿ ಇರಲಿ. ಅದು ಯುಡಿಪಿ ಎಂಬ ಬಗೆಯ ಸಂಪರ್ಕದಲ್ಲಿ 123ನೆಯ ಪೋರ್ಟ್ ಬಳಸುತ್ತದೆ.

ಮುಖ್ಯವಾದ ಆಯ್ಕೆಗಳು ಎರಡೇ. ರಿಟ್ರೈ ಇಂಟರ್ವಲ್ (ಉತ್ತರ ಸಿಗದಿದ್ದರೆ ಮತ್ತೆ ಕೇಳುವ ಮುಂಚಿನ ಬಿಡುವು) 1 ನಿಮಿಷ ಇರಲಿ: ಹಾಟ್‌ಸ್ಪಾಟ್ ತಡವಾಗಿ ಹತ್ತಿದರೂ ನೆಟ್ ಬಂದ ನಿಮಿಷದಲ್ಲೇ ಸಮಯ ಕೂಡಿಕೊಳ್ಳುತ್ತದೆ. ಅಂತರ ದೊಡ್ಡದಿದ್ದರೆ ಏನು ಮಾಡಬೇಕೆಂಬ ಜಾಗದಲ್ಲಿ, ಕೇಳದೆ ತಿದ್ದುವಂತೆ ಆರಿಸಿ. ಎಚ್ಚರಿಸಿ ಕಾಯುವಂತೆ ಬಿಟ್ಟರೆ ಆ ಎಚ್ಚರಿಕೆಯ ಕಿಟಕಿ ಬಿಲ್ಲಿಂಗ್ ಪರದೆಯ ಹಿಂದೆ ಅಡಗಿಯೇ ಉಳಿಯುತ್ತದೆ. 'ಅಪ್‌ಡೇಟ್ ನೌ' ಒತ್ತಿದಾಗ ಯಾವ ಸರ್ವರೂ ಉತ್ತರಿಸದಿದ್ದರೆ ರೂಟರ್ ಅಥವಾ ಆಂಟಿವೈರಸ್‌ನ ಫೈರ್‌ವಾಲ್ ಯುಡಿಪಿ 123ನ್ನು ತಡೆದಿದೆ ಎಂದೇ ಮೊದಲು ಅನುಮಾನಿಸಿ. ಹಾಟ್‌ಸ್ಪಾಟ್ ಬದಲಿಸಿ ನೋಡಿದರೆ ರೂಟರೋ ಕಂಪ್ಯೂಟರೋ ತಿಳಿಯುತ್ತದೆ.

ನಮ್ಮ ಭಾಗದ ಮಿಲ್ಲುಗಳಿಗೆ ಬಹಳ ಬೇಕಾದ ಗುಣ ಒಂದಿದೆ, ಅದನ್ನು ಬಳಸುವವರು ಕಡಿಮೆ. ಲಾರಿ ತೂಗುವ ವೇಬ್ರಿಡ್ಜ್ ಕಾಟಾದ ಕಂಪ್ಯೂಟರಿಗೆ ಸಾಮಾನ್ಯವಾಗಿ ನೆಟ್ ಕೊಟ್ಟಿರುವುದಿಲ್ಲ. ತೂಕದ ಚೀಟಿಯ ಸಮಯ ಒಂದು, ಟ್ಯಾಲಿ ಬಿಲ್ಲಿನದು ಇನ್ನೊಂದು ಆಗಿ, ತೊಗರಿ ಸೀಜನ್ನಿನಲ್ಲಿ ಲಾರಿಗಳ ಸರದಿಯ ಮೇಲೆಯೇ ಜಗಳ. ನೆಟ್ ಇರುವ ಆಫೀಸ್ ಕಂಪ್ಯೂಟರಿನ ನೆಟ್‌ಟೈಮ್‌ನಲ್ಲಿ, ಬೇರೆ ಕಂಪ್ಯೂಟರುಗಳು ತನ್ನಿಂದ ಸಮಯ ಪಡೆಯಬಹುದೆಂಬ ಆಯ್ಕೆಗೆ ಗುರುತು ಹಾಕಿ. ಅದಕ್ಕೊಂದು ಸ್ಥಿರ ಐಪಿ (ಜಾಲದಲ್ಲಿ ಬದಲಾಗದ ವಿಳಾಸ) ಕೊಡಿ, ವಿಂಡೋಸ್ ಫೈರ್‌ವಾಲ್‌ನಲ್ಲಿ ಒಳಬರುವ ಯುಡಿಪಿ 123ಕ್ಕೆ ದಾರಿ ಬಿಡಿ. ಅದೇ ಒಳಜಾಲಕ್ಕೆ ಜೋಡಿಸಿದ ಕಾಟಾದ ಕಂಪ್ಯೂಟರಿನಲ್ಲೂ ನೆಟ್‌ಟೈಮ್ ಹಾಕಿ, ಸರ್ವರ್ ಜಾಗಕ್ಕೆ ಆ ಐಪಿ ಬರೆದರೆ ಮುಗಿಯಿತು. ಎರಡನ್ನೂ ಒಟ್ಟಿಗೆ ಚಾಲೂ ಮಾಡುವ ರೂಢಿಯಿದ್ದರೆ ಆಫೀಸಿನದು ಮೊದಲು ಏಳಲಿ.

ಕೊರತೆಗಳೂ ಇವೆ. ಈ ತಂತ್ರಾಂಶಕ್ಕೆ ಹೊಸ ಆವೃತ್ತಿಗಳು ಬರುವುದು ಅಪರೂಪ. ಸರ್ವರಿನ ಉತ್ತರ ನಿಜವೇ ಎಂದು ಗೂಢಲಿಪಿಯಿಂದ ಪರಿಶೀಲಿಸುವುದಿಲ್ಲ. ಗಡಿಯಾರ ದಿನಕ್ಕೆಷ್ಟು ಜಾರುತ್ತದೆಂದು ಕಲಿತು ಮುಂದಾಗಿಯೇ ಸರಿದೂಗಿಸುವ ಜಾಣ್ಮೆಯೂ ಇಲ್ಲ. ಅಂಗಡಿಯ ಬಿಲ್ಲಿಗೆ ಇವು ಅಡ್ಡಿಯಲ್ಲ, ಅಂಥ ಕೆಲಸಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇವೆ. ಸರ್ವರ್ ಕೋಣೆಗೆ ಇದನ್ನು ಹಾಕಬೇಡಿ.

ಇನ್ನು ಸೆಲ್. ಬೋರ್ಡಿನ ಸ್ವಿಚ್ ಆರಿದ ಕ್ಷಣದಿಂದ ಮದರ್‌ಬೋರ್ಡಿನ ಗಡಿಯಾರ ನಡೆಯುವುದು ಸಿಆರ್2032 ಎಂಬ 3 ವೋಲ್ಟ್ ಸೆಲ್ಲಿನ ಮೇಲೆ. ಸ್ವಿಚ್ ಹಾಕಿಯೇ ಇದ್ದರೆ ಕಂಪ್ಯೂಟರ್ ಆಫ್ ಆಗಿದ್ದರೂ ಅದರ ಎಸ್‌ಎಂಪಿಎಸ್‌ನ (ಕರೆಂಟ್ ಒದಗಿಸುವ ಪೆಟ್ಟಿಗೆಯ) ಸ್ಟ್ಯಾಂಡ್‌ಬೈ ಕರೆಂಟೇ ಅದನ್ನು ನಡೆಸುತ್ತದೆ. ಅದಕ್ಕೇ ರಾತ್ರಿಯೆಲ್ಲಾ ಸ್ವಿಚ್ ಆರಿಸುವ ಕಡೆ ಸೆಲ್ ಬೇಗ ಸೋಲುತ್ತದೆ. ಬಿಸಿಲನ್ನು ಬಯ್ಯುವವರಿದ್ದಾರೆ. ಆ ಗಡಿಯಾರದ ಲಯ ಕಾಯುವ 32,768 ಹರ್ಟ್ಸ್ ಹರಳು 25 ಡಿಗ್ರಿಯಿಂದ ದೂರ ಹೋದಷ್ಟೂ ನಿಧಾನವಾಗುವುದು ನಿಜ, ಆದರೆ 45 ಡಿಗ್ರಿಯಲ್ಲೂ ಅದರಿಂದಾಗುವ ನಷ್ಟ ದಿನಕ್ಕೆ ಸುಮಾರು 1.2 ಸೆಕೆಂಡ್. ಒಂದೇ ರಾತ್ರಿಯಲ್ಲಿ ಹತ್ತು ನಿಮಿಷ ಹಿಂದೆ ಬಿದ್ದರೆ ಮೇ ತಿಂಗಳ ತಪ್ಪಲ್ಲ, ಸೆಲ್ಲಿನದು. ಮಲ್ಟಿಮೀಟರಿನಲ್ಲಿ ಹೊಸ ಸೆಲ್ 3 ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ, 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದು, ಕ್ಲಿಪ್ ಸರಿಸಿ ಹಳೆಯದನ್ನು ತೆಗೆಯಿರಿ. ಹೊಸದರ + ಗುರುತು ಮೇಲಿರಲಿ. ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶ) ಸೆಟ್ಟಿಂಗುಗಳು ಮೂಲಸ್ಥಿತಿಗೆ ಹೋಗಬಹುದು, ಹಾಗಾಗಿ ಬೂಟ್ ಕ್ರಮದ ಫೋಟೋ ಮೊದಲೇ ತೆಗೆದಿಡಿ. ಲ್ಯಾಪ್‌ಟಾಪ್ ಕೆಲವದರಲ್ಲಿ ಸೆಲ್ ವೈರಿನೊಂದಿಗೆ ಬರುತ್ತದೆ, ಅದೇ ಕನೆಕ್ಟರಿನದು ತರಬೇಕು.

ಸೆಲ್ಲೂ ನೆಟ್‌ಟೈಮೂ ಸರಿಯಿದ್ದು ಸಮಯ ಮಾತ್ರ ತಪ್ಪಿದ್ದರೆ ಅಂತರ ಅಳೆಯಿರಿ. ಸರಿಯಾಗಿ 13 ಗಂಟೆ 30 ನಿಮಿಷ ಹಿಂದಿದ್ದರೆ, ಅಥವಾ ಅಮೆರಿಕದ ಬೇಸಿಗೆ ಕಾಲದಲ್ಲಿ 12 ಗಂಟೆ 30 ನಿಮಿಷ ಹಿಂದಿದ್ದರೆ, ವಿಂಡೋಸ್ ಹಾಕಿದವರು ಕಾಲವಲಯವನ್ನು ಪೆಸಿಫಿಕ್‌ನಲ್ಲೇ ಬಿಟ್ಟಿದ್ದಾರೆ. ಅದನ್ನು ನೆಟ್‌ಟೈಮ್ ಮುಟ್ಟುವುದಿಲ್ಲ, ಯುಟಿಸಿ (ಜಾಗತಿಕ ಮೂಲ ಸಮಯ) +5:30ಕ್ಕೆ ನೀವೇ ಬದಲಿಸಬೇಕು. ಎರಡೂ ಇರುವ ಕಂಪ್ಯೂಟರಿನಲ್ಲಿ ಲಿನಕ್ಸ್‌ನಿಂದ ವಿಂಡೋಸ್‌ಗೆ ಬಂದಾಗಲೆಲ್ಲ 5 ಗಂಟೆ 30 ನಿಮಿಷ ಹಿಂದೆ ಬೀಳುತ್ತಿದ್ದರೆ, ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ ಇಡುತ್ತಿದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತಿದೆ.

ಬರೀ ಲಿನಕ್ಸ್ ಇರುವ ಕಡೆ ಸಮಯ ಹೊಂದಿಸುವ ಕ್ರೋನಿ ಎಂಬ ತಂತ್ರಾಂಶ ಹಾಕಿ. ಅದು ಜಾರುವಿಕೆಯನ್ನು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸಂರಚನೆಯಲ್ಲಿ 'ಮೇಕ್‌ಸ್ಟೆಪ್ 1.0 3' ಎಂಬ ಸಾಲಿದ್ದರೆ, ಶುರುವಿನ ಮೊದಲ ಮೂರು ತಿದ್ದುಪಡಿಗಳಲ್ಲಿ ಒಂದು ಸೆಕೆಂಡಿಗಿಂತ ಹೆಚ್ಚಿನ ಅಂತರವನ್ನು ಒಮ್ಮೆಲೇ ಸರಿಪಡಿಸಿ, ಆಮೇಲೆ ನಿಧಾನವಾಗಿ ಹೊಂದಿಸುತ್ತಾ ಹೋಗುತ್ತದೆ.