ನೀರಿನ ಕ್ಯಾನ್ ಗಾಡಿಗೆ ಯಾವ ಬ್ಯಾಟರಿ, ಯಾವ ಟೈರ್? ಕಲಬುರಗಿ ಬಿಸಿಲಲ್ಲಿ ಓಡಿಸಿ ನೋಡಿದ್ದು

ಬ್ಯಾಟರಿ ಲೋಡರ್, ಅಂದರೆ ಬ್ಯಾಟರಿಯಲ್ಲಿ ಓಡುವ ಮೂರು ಗಾಲಿಯ ಸಾಮಾನು ಗಾಡಿ, ತಗೊಳ್ಳೋಕೆ ಬಂದವರೆಲ್ಲ ಅಂಗಡಿಯಲ್ಲಿ ಕೇಳುವುದು ಒಂದೇ ಮಾತು: ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್? ನಮ್ಮ ಕಲಬುರಗಿಯಲ್ಲಿ ಮೊದಲು ಕೇಳಬೇಕಾದದ್ದು ಬಿಸಿಲಿಗೆ ಎಷ್ಟು ತಡೆಯುತ್ತದೆ ಅಂತ. ಮೇ ತಿಂಗಳಲ್ಲಿ 42-43 ಡಿಗ್ರಿ ಇಲ್ಲಿ ಮಾಮೂಲಿ, ನೀರಿನ ಕ್ಯಾನಿಗೆ ಗಿರಾಕಿ ಜಾಸ್ತಿ ಇರೋದೂ ಆಗಲೇ.

ನನ್ನದು ಇ-ಕಾರ್ಟ್, ಅಂದರೆ ಗಂಟೆಗೆ 25 ಕಿಲೋಮೀಟರ್ ವೇಗ, 310 ಕಿಲೋ ಲೋಡಿನ ಮಿತಿ ಇರುವ ಗಾಡಿ. 20 ಲೀಟರಿನ 15 ಕ್ಯಾನ್ ಏರಿಸಿದರೆ ನೀರೇ 300 ಕಿಲೋ, ಕ್ಯಾನಿನ ತೂಕ ಬೇರೆ. ನಾನು 14ಕ್ಕೆ ನಿಲ್ಲಿಸುತ್ತೇನೆ. 20 ಕ್ಯಾನ್ ಹೇರಿಕೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ಅವರ ಹಿಂದಿನ ಟೈರ್ ನೋಡಿದರೆ ಪಾಪ ಅನ್ನಿಸುತ್ತದೆ.

ಗಾಡಿ ಜೊತೆ ಬಂದಿದ್ದು 12 ವೋಲ್ಟಿನ ನಾಲ್ಕು ಲೆಡ್ ಆಸಿಡ್ ಬ್ಯಾಟರಿ. ಮೊದಲ ಬೇಸಿಗೆ ಚೆನ್ನಾಗಿ ಓಡಿದವು, ಮುಂದಿನ ಬೇಸಿಗೆಗೆ ಸಂಜೆ ಹೊತ್ತಿಗೆ ದಮ್ಮು ಇಲ್ಲ. ಕಾರಣ ಬಿಸಿಲೇ. 25 ಡಿಗ್ರಿ ಮೇಲೆ ಪ್ರತಿ 10 ಡಿಗ್ರಿ ಏರಿದ ಹಾಗೆ ಈ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬ್ಯಾಟರಿಯೊಳಗಿನ ನೀರೂ ಬೇಗ ಆರುತ್ತದೆ. ನೀರಿನ ಧಂದೆಯವರಿಗೆ ಒಂದು ಮಾತು: ಪ್ಲಾಂಟಿನ ಆರ್‌ಓ ನೀರು ಬ್ಯಾಟರಿಗೆ ಹಾಕಬೇಡಿ, ಅದರಲ್ಲಿ ಇನ್ನೂ ಲವಣ ಇರುತ್ತದೆ, ಡಿಸ್ಟಿಲ್ಡ್ ವಾಟರೇ ಬೇಕು. ಅದನ್ನೂ ಚಾರ್ಜ್ ಪೂರ್ತಿ ಆದ ಮೇಲೆ ಹಾಕಿ, ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಹೊರಗೆ ಬರುತ್ತದೆ. ಇನ್ನು ನಾಲ್ಕರಲ್ಲಿ ಒಂದು ಸತ್ತರೆ ಒಂದನ್ನೇ ಹೊಸದು ಹಾಕಿ ಕೊಡುತ್ತೇವೆ ಅಂತಾರೆ. ಒಪ್ಪಬೇಡಿ, ಹಳೆಯ ಮೂರು ಸೇರಿ ಹೊಸದನ್ನೂ ಎಳೆದುಹಾಕುತ್ತವೆ.

ಆಮೇಲೆ ಲಿಥಿಯಂ ಹಾಕಿಸಿದೆ, ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಅನ್ನುತ್ತಾರಲ್ಲ ಅದು, 51.2 ವೋಲ್ಟಿನ ಪ್ಯಾಕ್. ದುಡ್ಡು ಜಾಸ್ತಿ, ನಿಜ. ಆದರೆ ಮಧ್ಯಾಹ್ನ ಊಟದ ಹೊತ್ತಲ್ಲಿ ಸ್ವಲ್ಪ ಚಾರ್ಜ್ ಏರಿಸಿಕೊಂಡರೂ ಅದಕ್ಕೆ ತೊಂದರೆ ಇಲ್ಲ, ಸಂಜೆಯ ಕೊನೆಯ ಮನೆಗೂ ಗಾಡಿ ಬೆಳಗಿನ ಹಾಗೇ ಎಳೆಯುತ್ತದೆ. ಹಳೆಯ ನಾಲ್ಕು ಬ್ಯಾಟರಿ ಸೇರಿ ನೂರು ಕಿಲೋ ದಾಟುತ್ತಿದ್ದವು, ಇದು ಅದರ ಅರ್ಧವೂ ಇಲ್ಲ, ಹಾಗಾಗಿ ಹಿಂದಿನ ಟೈರ್ ಸವೆಯುವುದೂ ಕಡಿಮೆ ಆಯಿತು. ಹಳೆಯ ಚಾರ್ಜರ್ ಮಾತ್ರ ಇದಕ್ಕೆ ನಡೆಯಲ್ಲ, ಲಿಥಿಯಂನದೇ ಬೇಕು. ಇಂಥ ಪ್ಯಾಕನ್ನು ಸಾಮಾನ್ಯವಾಗಿ 45 ಡಿಗ್ರಿ ದಾಟಿದರೆ ಚಾರ್ಜ್ ಮಾಡಬಾರದು. ಅದಕ್ಕೇ ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಚಾರ್ಜ್ ಬಿಟ್ಟು ರಾತ್ರಿ ತಣ್ಣಗಾದ ಮೇಲೆ ಹಚ್ಚುತ್ತೇನೆ.

ಟೈರ್ ವಿಷಯ. ಮುಂದೆ ಉದ್ದ ಗೆರೆಯದು, ಹಿಂದೆ ಗಡ್ಡೆ ಗಡ್ಡೆಯಾಗಿರುವ ಲಗ್ ಟೈರ್. ಮಳೆಗಾಲದಲ್ಲಿ ಹೊಸ ಲೇಔಟಿನ ಎರೆಮಣ್ಣಿಗೆ ಇಳಿದರೆ ಗೆರೆ ಟೈರಿನ ಸಂದಿಗೆ ಮಣ್ಣು ಮೆತ್ತಿ ಬರೀ ಜಾರುತ್ತದೆ, ಲಗ್ ಹಿಡಿದು ಎಳೆಯುತ್ತದೆ. ಪ್ಲೈ, ಅಂದರೆ ಟೈರ್ ಭಾರ ತಡೆಯುವ ಲೆಕ್ಕ, ಜಾಸ್ತಿ ಇರುವುದನ್ನೇ ಕೇಳಿ, ನಾನು ಹಿಂದೆ 8 ಪ್ಲೈ ಹಾಕಿದ್ದೇನೆ. ಬಳ್ಳಾರಿ ಜಾಲಿ ಮುಳ್ಳು ಮಾತ್ರ ಯಾವ ಪ್ಲೈಯನ್ನೂ ಕೇಳಲ್ಲ, ಖಾಲಿ ಸೈಟಿನ ಅಂಚಿಗೆ ಗಾಡಿ ನಿಲ್ಲಿಸದಿರುವುದೇ ಉಪಾಯ. ಪಂಕ್ಚರ್ ಆಗದ ಗಟ್ಟಿ ಟೈರನ್ನೂ ಒಬ್ಬರ ಗಾಡಿಯಲ್ಲಿ ಓಡಿಸಿ ನೋಡಿದೆ. ಪ್ರತಿ ಗುಂಡಿಯೂ ನೇರ ಬೆನ್ನಿಗೆ ಬಡಿಯುತ್ತದೆ, ಕ್ಯಾನಿನ ಮುಚ್ಚಳ ಸಡಿಲಾಗಿ ನೀರು ಚೆಲ್ಲುತ್ತದೆ, ಬೇಡ ಅನ್ನಿಸಿತು.

ಟೈರ್ ಕೊಳ್ಳುವಾಗ ಪಕ್ಕದಲ್ಲಿ ಒತ್ತಿದ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂತಿದ್ದರೆ 2024ರ 23ನೇ ವಾರದ್ದು. ತಗಡಿನ ಗೋದಾಮಿನಲ್ಲಿ ಬೇಸಿಗೆಗಳನ್ನು ಕಳೆದ ಟೈರ್ ಗಟ್ಟಿಯಾಗಿರುತ್ತದೆ, ಹೊಸದೇ ಆದರೂ ಬಿರುಕು ಬೇಗ ಬಿಡುತ್ತದೆ. ಗಾಳಿ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆಯೇ ನೋಡಿ, ಮಧ್ಯಾಹ್ನ ಕಾದ ಟೈರಿನ ಲೆಕ್ಕ ಸರಿ ಬರಲ್ಲ. ಬ್ಯಾಟರಿ ಬಿಲ್ಲಿನಲ್ಲಿ ಪ್ಯಾಕಿನ ಸೀರಿಯಲ್ ನಂಬರ್ ಬರೆಸಿಕೊಳ್ಳದೆ ದುಡ್ಡು ಕೊಡಬೇಡಿ. ಅದಿಲ್ಲ ಅಂತಲೇ ಒಂದು ಅಂಗಡಿಯವರು ವಾರಂಟಿಗೆ ನನ್ನನ್ನು ಹೈರಾಣ ಮಾಡಿದ್ದಾರೆ.